ಪಕ್ಕದ ಮಣೆ

ನನ್ನ ತವರಿನವರ ಬಾಯಲ್ಲಿ ನನ್ನ ಗಂಡನಿಗಿದ್ದದ್ದು ಒಂದೇ ಹೆಸರು: ಸೊಕ್ಕಿನ ಮನುಷ್ಯ. ಅವರು ತೀರಿಕೊಂಡ ಮೇಲೆ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸತ್ತವರನ್ನು ಆಡಿಕೊಳ್ಳಬಾರದೆಂಬ ಮರ್ಯಾದೆ ನಮ್ಮ ಕಡೆ ಇನ್ನೂ ಇದೆ. "ಅಳಿಯಾರು ಭಾಳ ಶಾಣ್ಯಾ ಇದ್ರು, ಆದ್ರ..." ಎಂದು ನಮ್ಮವ್ವ ಮಾತು ನಿಲ್ಲಿಸಿ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ಆ 'ಆದ್ರ' ಎಂಬುದರ ಮುಂದೆ ಏನಿದೆಯೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಒಂದು ಖಾಲಿ ಮಣೆ ಇದೆ. ಅದರ ಕಥೆಯನ್ನೇ ಹೇಳಲು ಕೂತಿದ್ದೇನೆ.

ಇದರಲ್ಲಿ ಯಾರ ಹೆಸರನ್ನೂ ಹಾಕುವುದಿಲ್ಲ. ಹೆಸರು ಹೇಳದಿರುವುದು ಅವರ ಕಸುಬಿನ ನೇಮ. ಬದುಕಿದ್ದಾಗ ಅವರ ಒಂದು ನೇಮವನ್ನೂ ನಾನು ನೆಟ್ಟಗೆ ಪಾಲಿಸಲಿಲ್ಲ, ಈಗಲಾದರೂ ಪಾಲಿಸೋಣವೆಂದು.

ಅವರು ಮನಶ್ಶಾಸ್ತ್ರ ಓದಿದವರು, ವಿಜಯಪುರದ ಕಡೆಯವರು. ಜನರ ಮನಸ್ಸಿನ ಕಷ್ಟ ಕೇಳಿಸಿಕೊಳ್ಳುವುದು ಅವರ ಕೆಲಸ. ವರನನ್ನು ನೋಡಲು ಹೋದಾಗ ನಮ್ಮಪ್ಪ "ಹುಡುಗ ಏನ್ ಮಾಡ್ತಾನ?" ಎಂದು ಕೇಳಿದ್ದಕ್ಕೆ ಅವರ ಕಾಕಾ "ಮಂದಿ ಮಾತ ಕೇಳ್ತಾನ್ರಿ" ಅಂದರಂತೆ. "ಅದಕ್ಕ ಪಗಾರ ಕೊಡ್ತಾರೇನು?" ಎಂದು ನಮ್ಮಪ್ಪ ಬೆರಗಾಗಿದ್ದ. ಕೊಡುತ್ತಿದ್ದರು. ಹೈದರಾಬಾದಿನಲ್ಲಿ ಕಂಪ್ಯೂಟರ್ ಕಂಪನಿಗಳು ನಾಯಿಕೊಡೆಯ ಹಾಗೆ ಏಳತೊಡಗಿದ ಕಾಲ ಅದು. ಕೊಂಡಾಪುರದ ಒಂದು ಕ್ಲಿನಿಕ್ಕಿನಲ್ಲಿ ಅವರಿಗೆ ಕೆಲಸ ಸಿಕ್ಕಿತು. ನಾವು ಮನೆ ಮಾಡಿದ್ದು ಮಾತ್ರ ಊರಿನ ಇನ್ನೊಂದು ತುದಿಯ ನಾಚಾರಂನಲ್ಲಿ. ಮನೆಯ ಹಿಂದೆ ತಗಡು ಕತ್ತರಿಸುವ ಒಂದು ಸಣ್ಣ ಕಾರ್ಖಾನೆ. ಬೆಳಿಗ್ಗೆ ಎಂಟಕ್ಕೆ ಅದರ ಸದ್ದು ಶುರುವಾದರೆ ನಮ್ಮ ಪಾತ್ರೆಗಳೂ ಶೆಲ್ಫಿನ ಮೇಲೆ ಸಣ್ಣಗೆ ನಡುಗುತ್ತಿದ್ದವು. "ಕೊಂಡಾಪುರದಾಗ ಮನಿ ಹಿಡೀರಿ, ಎರಡೆರಡು ಬಸ್ ಬದಲಿ ಮಾಡೋದು ತಪ್ಪತದ" ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ನನ್ನ ಹತ್ರ ಬರೋ ಮಂದಿ ಕಾಯಿಪಲ್ಲೆ ತರೋ ಅಂಗಡ್ಯಾಗ ನಾನೂ ನಿಂತಿದ್ರ ಅವರಿಗೆ ಮುಜುಗರ ಆಕ್ಕತಿ" ಎನ್ನುತ್ತಿದ್ದರು. ಆ ಮಂದಿಯ ಮುಜುಗರ ತಪ್ಪಿಸುವುದಕ್ಕಾಗಿ ನಾನು ಹದಿನೈದು ವರ್ಷ ತಗಡಿನ ಸದ್ದು ಕೇಳಿದೆ.

ಅವರ ದೊಡ್ಡ ನೇಮ ಇದು: ಕ್ಲಿನಿಕ್ಕಿಗೆ ಬಂದ ಯಾರನ್ನೂ ಹೊರಗಡೆ ತಾವಾಗಿ ಮಾತಾಡಿಸುತ್ತಿರಲಿಲ್ಲ. ಬೀದಿಯಲ್ಲಿ, ಬಸ್ಸಿನಲ್ಲಿ, ಮದುವೆಯಲ್ಲಿ ಎದುರಾದರೆ ಗೋಡೆ ನೋಡಿದ ಹಾಗೆ ನೋಡಿ ಮುಂದೆ ಹೋಗುತ್ತಿದ್ದರು. ಅವರೇ ಮೊದಲು ನಮಸ್ಕಾರ ಮಾಡಿದರೆ ಇವರೂ ಮಾಡುತ್ತಿದ್ದರು, ಮಾಡದಿದ್ದರೆ ಇಲ್ಲ. "ಪಕ್ಕದಾಗ ಹೆಂಡತಿನೋ ಆಫೀಸಿನವರೋ ಇರ್ತಾರ. ಇವರು ಯಾರು, ನಿನಗ ಹೆಂಗ ಗೊತ್ತು ಅಂತ ಕೇಳಿದ್ರ ಪಾಪ ಏನ್ ಹೇಳ್ಬೇಕು ಅವರು?" ಎಂದು ಒಮ್ಮೆ ನನಗೆ ಬಿಡಿಸಿ ಹೇಳಿದ್ದರು. ಹೇಳಿದ್ದು ತಿಳಿಯುತ್ತಿತ್ತು, ಆದರೆ ನಮ್ಮ ಜನರಲ್ಲಿ ಇದು ನಡೆಯುವ ಮಾತೇ? ನಮ್ಮ ಕಡೆ ಎದುರಾದವರನ್ನು "ಊಟ ಆತ್ರೀ?" ಎಂದು ಕೇಳದೆ ದಾಟಿ ಹೋದರೆ ಏಳು ತಲೆಮಾರಿನ ಜಗಳ. ಇವರು ಯಾರನ್ನು ಮಾತಾಡಿಸಬೇಕು, ಯಾರನ್ನು ಬಿಡಬೇಕು ಎಂಬ ಗೊಂದಲವೇ ಬೇಡವೆಂದು ತಲೆ ತಗ್ಗಿಸಿಕೊಂಡು ನಡೆಯುವುದನ್ನೇ ರೂಢಿ ಮಾಡಿಕೊಂಡರು. ಹೀಗಾಗಿ ಕ್ಲಿನಿಕ್ಕಿನ ಮುಖವನ್ನೇ ನೋಡದ ನಮ್ಮ ಓಣಿಯ ಕಿರಾಣಿ ಅಂಗಡಿಯವರಿಗೂ ಇವರ ನಮಸ್ಕಾರ ಸಿಗುತ್ತಿರಲಿಲ್ಲ. ಅವರ ಪಾಲಿನ ನಮಸ್ಕಾರವನ್ನೂ ನಾನೇ ಮಾಡಿಕೊಂಡು ಬರುತ್ತಿದ್ದೆ.

ಮನೆಯಲ್ಲಿ ಅವರು ಬೇರೆಯೇ ಮನುಷ್ಯ. ನಾನು ಹತ್ತಿರದ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದೆ, ಏಳೂವರೆಗೆ ಮನೆ ಬಿಡಬೇಕು. ಮಗಳ ತಲೆ ಬಾಚಿ ಎರಡು ಜಡೆ ಹಾಕುವ ಕೆಲಸ ಅವರದಾಯಿತು. ಎಡಗಡೆಯ ಜಡೆ ಯಾವತ್ತೂ ದಪ್ಪ, ಬಲಗಡೆಯದು ಇಲಿಬಾಲ. ಮಗಳು ಅತ್ತರೆ "ನಾಳೆ ಬಲಗಡೆದು ದಪ್ಪ ಮಾಡ್ತೀನಿ" ಎಂದು ಮಾತು ಕೊಡುತ್ತಿದ್ದರು. ಒಂದು ದಿನವೂ ಆಗಲಿಲ್ಲ. ರವಿವಾರ ಸುಸಲಾ ಮಾಡುವುದು ಅವರ ಪಾಳಿ. ಚುರುಮುರಿ ತೋಯಿಸಿ ಹಿಂಡುವುದನ್ನು ಅಷ್ಟು ಮನಸ್ಸಿಟ್ಟು ಮಾಡುತ್ತಿದ್ದರು, ಉಳ್ಳಾಗಡ್ಡಿ ಮಾತ್ರ ಹೆಬ್ಬೆರಳಿನಷ್ಟು ಹೋಳು. ಇನ್ನು ಕೇಳಿಸಿಕೊಳ್ಳುವ ವಿಷಯ ಎತ್ತಲೇಬೇಡಿ. ಶಾಲೆಯ ಹೆಡ್ ಮೇಡಂ ನನಗೆ ಮಾಡಿದ ಅನ್ಯಾಯವನ್ನು ನಾನು ಶುರು ಮಾಡಿ ನಡುಮಧ್ಯಕ್ಕೆ ಬರುವಷ್ಟರಲ್ಲಿ ಇವರ ಗೊರಕೆ ಕೇಳುತ್ತಿತ್ತು. "ಊರಿಗೆ ಉಪಕಾರಿ, ಮನೆಗೆ ಮಾರಿ. ಮಂದಿಗೆ ತಾಸಗಟ್ಟಲೆ ಕಿವಿ, ನನಗ ಗೊರಕಿ" ಎಂದು ಎಬ್ಬಿಸಿ ಬೈಯುತ್ತಿದ್ದೆ. "ಹಂಗಲ್ಲ, ನಿನ್ನ ಧ್ವನಿ ಕೇಳಿದ್ರ ನನಗ ಅರಾಮ ಅನಸ್ತೈತಿ, ನಿದ್ದಿ ಬರ್ತೈತಿ" ಎನ್ನುವರು. ಅಂಥ ಮಾತಿಗೆ ಏನು ಜಗಳ ತೆಗೆಯುವುದು?

ಗುರುವಾರ ಪಟಾನ್‌ಚೆರು. ಅದು ಕ್ಲಿನಿಕ್ಕಿನ ಕೆಲಸವಲ್ಲ, ಅವರೇ ಕಟ್ಟಿಕೊಂಡದ್ದು. ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದ ಜನ ಅಲ್ಲಿನ ಔಷಧದ ಕಾರ್ಖಾನೆಗಳ ಸುತ್ತ ಗುಡಿಸಲು ಹಾಕಿಕೊಂಡಿದ್ದರು. ಒಂದು ಗುಡಿಯ ಪಡಸಾಲೆಯಲ್ಲಿ ಇವರು ಚಾಪೆ ಹಾಸಿ ಕೂರುತ್ತಿದ್ದರು. ಬರುವವರು ಮನಸ್ಸಿನ ಕಷ್ಟ ಎಂದು ಬರುತ್ತಿರಲಿಲ್ಲ. "ತಲಿ ನೋಯಾಕತ್ತೈತ್ರಿ, ನಿದ್ದಿ ಇಲ್ರಿ, ಒಂದ ಗುಳಿಗಿ ಕೊಡ್ರಿ" ಎಂದು ಬರುವವರು. ಇವರಲ್ಲಿ ಗುಳಿಗೆ ಇಲ್ಲ. ಕನ್ನಡ ಇತ್ತು, ಅಷ್ಟೇ. ದಿನವಿಡೀ ತೆಲುಗು, ಹಿಂದಿಯಲ್ಲಿ ಬೈಸಿಕೊಂಡು ಬಂದವರಿಗೆ ತಮ್ಮ ಊರಿನ ಮಾತಿನಲ್ಲಿ "ಕೂಡ್ರಿ, ಏನಾತು?" ಎಂದು ಒಬ್ಬರು ಕೇಳಿದರೆ ಅರ್ಧ ತಲೆನೋವು ಹೋಗುತ್ತಿತ್ತಂತೆ. ಇದಿಷ್ಟನ್ನೂ ಅವರು ಹೇಳಿದ್ದಲ್ಲ. ಅವರು ಹೋದ ಮೇಲೆ ಬೇರೆಯವರಿಂದ ನನಗೆ ತಿಳಿದದ್ದು.

ಈಗ ನನ್ನ ತಮ್ಮನ ಮಾತು. ರಾಯಚೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕಿಕೊಂಡು ಬಂದವನು ಎರಡು ವರ್ಷ ನಮ್ಮ ಮನೆಯಲ್ಲೇ ಇದ್ದ. ಅಕ್ಕನ ಗಂಡನಿಗೆ ನಮ್ಮ ಕಡೆ ಮಾಮಾ ಎನ್ನುತ್ತಾರೆ. ಅವನಿಗೆ ಮಾಮಾ ಎಂದರೆ ಜೀವ. ಇಬ್ಬರೂ ಒಂದೇ ತಾಟಿನಲ್ಲಿ ರೊಟ್ಟಿ ಮುರಿದು ತಿನ್ನುತ್ತಿದ್ದರು, ಕ್ರಿಕೆಟ್ ಹಚ್ಚಿಕೊಂಡು ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳುತ್ತಿರಲಿಲ್ಲ. ಆಮೇಲೆ ಅವನಿಗೆ ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಮಗಳು ಹುಟ್ಟಿದಳು, ಕೊಂಡಾಪುರದಲ್ಲೇ ಏಳನೇ ಮಹಡಿಯ ಫ್ಲ್ಯಾಟು ಕೊಂಡ. ನಮ್ಮ ವಂಶದಲ್ಲಿ ಲಿಫ್ಟಿರುವ ಮನೆ ಅದೇ ಮೊದಲು. ಗೃಹಪ್ರವೇಶಕ್ಕೆ ರಾಯಚೂರಿನಿಂದ ಒಂದು ಬಸ್ಸು ಮಾಡಿಕೊಂಡು ಜನ ಬಂದರು. ಅರ್ಧ ಜನ ಪೂಜೆ ನೋಡಿದ್ದಕ್ಕಿಂತ ಹೆಚ್ಚು ಲಿಫ್ಟಿನಲ್ಲಿ ಮೇಲೆ ಕೆಳಗೆ ಹೋಗಿಬಂದರು.

ಪೂಜೆ ಮುಗಿಯಿತು. ನಮ್ಮ ಪದ್ಧತಿಯಂತೆ ಮನೆಮಗಳು ಮತ್ತು ಅಳಿಯನಿಗೆ ಮೊದಲ ಆಯೇರಿ. ಆಯೇರಿ ಎಂದರೆ ಅರಿವೆ ಕೊಟ್ಟು ಮಾಡುವ ಮರ್ಯಾದೆ. ಜೋಡಿ ಮಣೆ ಹಾಕಿ, ಗಂಡ ಹೆಂಡತಿಯನ್ನು ಕೂಡಿಸಿ, ಅವಳಿಗೆ ಸೀರೆ, ಅವನಿಗೆ ಧೋತರ, ಕಾಯಿ ಕೊಟ್ಟು ಕಾಲಿಗೆ ಬೀಳಬೇಕು. ನಾನು ಮಣೆಯ ಮೇಲೆ ಕೂತೆ, ಪಕ್ಕದ ಮಣೆಯ ಮೇಲೆ ಅವರು ಕೂತರು. ಎದುರಿಗೆ ಅವ್ವ, ತಮ್ಮನ ಅತ್ತೆ ಮಾವ, ಅವನ ಆಫೀಸಿನವರು, ನಮ್ಮ ಇಡೀ ಬಸ್ಸು. ತಮ್ಮ ತಾಟು ಹಿಡಿದು ಬಂದ. ತಾಟಿನಲ್ಲಿ ಹಸಿರು ಇಳಕಲ್ ಸೀರೆ, ಕೆಂಪಂಚಿನ ಧೋತರ. ನನ್ನ ಕಣ್ಣು ಸೀರೆಯ ಮೇಲಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ತಮ್ಮ ಎರಡು ಹೆಜ್ಜೆ ದೂರದಲ್ಲಿರುವಾಗ ನನ್ನ ಪಕ್ಕದವರು ಫಕ್ಕನೆ ಎದ್ದರು. ಜೇಬಿನಿಂದ ಫೋನು ತೆಗೆದು ಕಿವಿಗೆ ಹಚ್ಚಿಕೊಂಡು, ಯಾರ ಮುಖವನ್ನೂ ನೋಡದೆ, ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋಗಿಬಿಟ್ಟರು. ಲಿಫ್ಟಿಗೂ ಕಾಯಲಿಲ್ಲ, ಮೆಟ್ಟಿಲು ಇಳಿದರು.

ಫೋನು ಸದ್ದು ಮಾಡಿರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ನನಗೆ ಗೊತ್ತಿಲ್ಲವೇ.

ಐದು ನಿಮಿಷ ಕಾದರು. ಹತ್ತು ನಿಮಿಷ. ಯಾರನ್ನೋ ಕೆಳಗೆ ಕಳಿಸಿದರು. ಇವರು ಪಕ್ಕದಲ್ಲಿ ಕಟ್ಟುತ್ತಿದ್ದ ಇನ್ನೊಂದು ಅಪಾರ್ಟ್‌ಮೆಂಟಿನ ಮುಂದೆ ಇಟ್ಟಿಗೆಯ ಮೇಲೆ ಕೂತು ಯಾದಗಿರಿಯ ಗೌಂಡಿಗಳ ಜೊತೆ ಮಾತಾಡುತ್ತಿದ್ದಾರೆ ಎಂದು ಸುದ್ದಿ ಬಂತು. "ಬರ್ತೀನಿ, ನೀವು ಮುಗಿಸ್ರಿ" ಅಂದರಂತೆ. ಮುಗಿಸುವುದೇನು? ಗಂಡ ಬದುಕಿರುವಾಗ ಹೆಂಡತಿ ಖಾಲಿ ಮಣೆಯ ಪಕ್ಕ ಒಬ್ಬಳೇ ಕೂತು ಆಯೇರಿ ಹಿಡಿಯುವುದು ನಮ್ಮಲ್ಲಿ ಎಂಥ ಅಪಶಕುನವೆಂದು ಬಸ್ಸಿನಲ್ಲಿ ಬಂದ ಹಸುಗೂಸಿಗೂ ಗೊತ್ತಿತ್ತು. ಮುಹೂರ್ತ ಮೀರುತ್ತದೆ ಎಂದು ಸ್ವಾಮಿಗಳು ಅವಸರ ಮಾಡಿದರು. ತಮ್ಮ ಸೀರೆಯನ್ನು ನನ್ನ ಕೈಗಿಟ್ಟ, ಧೋತರವನ್ನು ವಾಪಸು ಒಳಗೆ ಒಯ್ದ. "ನಾವು ಅವರ ತೂಕದ ಮಂದಿ ಅಲ್ಲವ್ವಾ. ಅದಕ್ಕ ಎದ್ದು ಹೋದ್ರು" ಎಂದು ಅವ್ವ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು, ಆದರೆ ಏಳನೇ ಮಹಡಿಯಲ್ಲಿ ಭೂಮಿ ಎಲ್ಲಿದೆ.

ಮನೆಗೆ ಬಂದು ಕೇಳಿದೆ. "ಯಾಕ ಎದ್ದು ಹೋದ್ರಿ?"

"ತಪ್ಪಾತು" ಅಂದರು.

"ತಪ್ಪಾಗಿದ್ದು ನನಗೂ ಕಂಡೈತಿ. ಯಾಕಂತ ಕೇಳಾಕತ್ತೀನಿ."

"ಹೋಗಬೇಕನಸ್ತು, ಹೋದೆ."

"ಇದ ಉತ್ತರಾ ನಿಮ್ಮ ಪೇಶೆಂಟ್ ಕೊಟ್ರ ಬಿಡ್ತೀರೇನು ನೀವು?"

ಅವರು ಸಾಕ್ಸ್ ಬಿಚ್ಚಿ ಜೋಡಿ ಮಾಡಿ ಇಟ್ಟರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹದಿನೇಳು ದಿನ ಮಾತು ಬಿಟ್ಟೆ. ವಿಜಯಪುರದ ಮನುಷ್ಯನಿಗೆ ಜೋಳದ ರೊಟ್ಟಿ ಇಲ್ಲದಿದ್ದರೆ ಊಟವೇ ಅಲ್ಲ. ಹದಿನೇಳು ದಿನ ಎರಡೂ ಹೊತ್ತು ಬರೀ ಅನ್ನ ಬಡಿಸಿದೆ. ಅದನ್ನೇ ಉಂಡರು, ಉಂಡ ತಾಟು ತಾವೇ ತೊಳೆದಿಟ್ಟರು. ಹದಿನೆಂಟನೆಯ ದಿನ ಮಗಳು "ಅಪ್ಪ ಬಸ್ ಸ್ಟ್ಯಾಂಡಿನ್ಯಾಗ ನಿಂತು ಡಬ್ಬಿ ಒಳಗಿನ ಅನ್ನಾ ನೋಡಿ ಮುಚ್ಚಾಕತ್ತಿದ್ದ" ಎಂದು ವರದಿ ಒಪ್ಪಿಸಿದಾಗ ನನಗೇ ತಡೆಯಲಿಲ್ಲ, ಹಿಟ್ಟು ನಾದಿದೆ.

ತವರು ಮಾತ್ರ ಅಷ್ಟು ಬೇಗ ನಾದಿಸಿಕೊಳ್ಳಲಿಲ್ಲ. ನಾಗರ ಪಂಚಮಿಗೆ ಅಣ್ಣ ತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ಕರೆದೊಯ್ಯಬೇಕು, ಬರಲಾಗದಿದ್ದರೆ ಉಂಡಿ ಡಬ್ಬಿಯಾದರೂ ಮುಟ್ಟಿಸಬೇಕು. ಆ ವರ್ಷ ತಮ್ಮ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಒಂದೇ ಊರಿನಲ್ಲಿದ್ದುಕೊಂಡು! ನಾನೇ ಉಂಡಿ ಕಟ್ಟಿ, ನಾನೇ ತಿಂದು, ಬಚ್ಚಲಿಗೆ ಹೋಗಿ ಅತ್ತೆ. ಮೂರನೇ ವರ್ಷ ಹೇಗೋ ಹೋಗಿ ಬರುವುದು ಶುರುವಾಯಿತು. ಆದರೆ ಮೊದಲಿನ ಸಲಿಗೆ ಇಲ್ಲ. ತಮ್ಮ ಮಾಮಾನ ಎದುರು ಕೂತರೆ ನೆಲ ನೋಡುತ್ತಿದ್ದ. ನಾನು ಅದನ್ನು ಸಿಟ್ಟು ಎಂದುಕೊಂಡೆ. ಯಾವ ಕಾರ್ಯಕ್ಕೆ ಹೋದರೂ ಬಾಗಿಲಲ್ಲೇ ಗಂಡನ ಮೊಣಕೈ ಚಿವುಟಿ "ಮೊದಲ ಹೋಗಿ ಅವನ್ನ ಮಾತಾಡಸ್ರಿ, ಇಲ್ಲಾಂದ್ರ ನಾಳಿಂದ ಅನ್ನಾನ" ಎಂದು ಹೆದರಿಸುತ್ತಿದ್ದೆ. ಅವರು ಹೋಗಿ ಭುಜ ಮುಟ್ಟಿ ಬರುತ್ತಿದ್ದರು. ನಾನು ಅವರನ್ನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದೇನೆ ಎಂದು ನಂಬಿದ್ದೆ. ಅವರೂ ಕ್ಷಮೆಯನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಇಸಿದುಕೊಂಡಿದ್ದರು.

ಅವರು ಹೋದದ್ದು ಒಂದು ಗುರುವಾರ. ಪಟಾನ್‌ಚೆರುವಿಗೆ ಹೋಗಲು ಬೂಟಿನ ದಾರ ಕಟ್ಟಿಕೊಳ್ಳುತ್ತ "ಎದಿ ಸ್ವಲ್ಪ ಹಿಡದಂಗ ಆಗಾಕತ್ತೈತಿ" ಅಂದರು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ದಾರಿಯುದ್ದಕ್ಕೂ ನಾನು ಮಾತಾಡುತ್ತಲೇ ಇದ್ದೆ, ನಿದ್ದೆ ಮಾಡಬೇಡಿ ಎಂದು ಹೇಳಲು ಮರೆತುಬಿಟ್ಟೆ. ನನ್ನ ಧ್ವನಿ ಕೇಳಿದರೆ ಅವರಿಗೆ ನಿದ್ದೆ ಬರುತ್ತಿತ್ತಲ್ಲ. ನನ್ನ ಹೆಗಲಿನ ಮೇಲೆ ತಲೆ ಇಟ್ಟರು, ಮತ್ತೆ ಎತ್ತಲಿಲ್ಲ.

ಆವತ್ತು ನಮ್ಮ ಓಣಿಯಲ್ಲಿ ನನಗೆ ಪರಿಚಯವಿಲ್ಲದ ಜನ ತುಂಬಿಕೊಂಡಿದ್ದರು. ಕೊರಳಲ್ಲಿ ಆಫೀಸಿನ ಕಾರ್ಡು ಹಾಕಿಕೊಂಡ ಹುಡುಗ ಹುಡುಗಿಯರು, ಒಬ್ಬ ಪೊಲೀಸಿನವನು, ಇಬ್ಬರು ಅಜ್ಜಿಯರು. ಯಾರೂ ಒಳಗೆ ಬರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಾರ್ಖಾನೆಯ ಗೋಡೆಗೆ ಒರಗಿ, ತಗಡಿನ ಸದ್ದಿನಲ್ಲಿ, ಬೇರೆ ಬೇರೆಯಾಗಿ ನಿಂತಿದ್ದರು. ಕೊನೆಗೆ ಸಿಮೆಂಟು ಮೆತ್ತಿದ ಅಂಗಿಯ ಒಬ್ಬ ಮನುಷ್ಯ ಮೆಟ್ಟಿಲು ಹತ್ತಿ ಬಂದು "ಯಕ್ಕಾ, ಗುಡ್ಯಾಗ ಚಾಪಿ ಹಾಸಿ ಕುಂತಿದ್ವಿರಿ, ಸಾಹೇಬ್ರು ಬರ್ಲಿಲ್ಲ ಅಂತ ನಾವ ಬಂದ್ವಿ" ಅಂದ. ಆತನೊಬ್ಬನೇ ನನ್ನನ್ನು ಮಾತಾಡಿಸಿದ್ದು. ನಾನು ಒಳಗಿನ ಹೆಣದ ಮುಂದೆ ಅಳದವಳು ಆತನ ಮುಂದೆ ಅತ್ತುಬಿಟ್ಟೆ. ಗುಡಿಯ ಪಡಸಾಲೆಯ ವಿಷಯ ನನಗೆ ತಿಳಿದದ್ದು ಆತನಿಂದಲೇ.

ಅದೇ ವರ್ಷ ಪಂಚಮಿಗೆ ತಮ್ಮ ಮಧ್ಯಾಹ್ನ ಉಂಡಿಯ ಡಬ್ಬಿ ಹಿಡಿದು ಬಂದ. ಶೇಂಗಾ ಉಂಡಿ, ಎಳ್ಳುಂಡಿ. ಡಬ್ಬಿಯನ್ನು ನನ್ನ ಕೈಗೆ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡೇ ಕೂತ.

"ಅಕ್ಕಾ, ಅವತ್ತ ಮಾಮಾ ಮಣಿ ಬಿಟ್ಟು ಎದ್ದು ಹೋಗಿದ್ದು ನನ್ನ ಸಲವಾಗಿ."

ಆಮೇಲೆ ಹೇಳಿದ. ಮುಂದಿನದನ್ನು ಬರೆಯಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ, ಹೆಸರು ಬೇಡ ಎಂದಿದ್ದಾನೆ. ನಮ್ಮ ತವರಿನಲ್ಲಿ ಪುಸ್ತಕ ಓದುವವರು ಯಾರೂ ಇಲ್ಲ ಎಂಬ ಧೈರ್ಯವೂ ನಮ್ಮಿಬ್ಬರಿಗಿದೆ.

ಆ ಗೃಹಪ್ರವೇಶದ ಮೊದಲು ಅವನಿಗೆ ಆಫೀಸಿನ ಗೇಟು ದಾಟಲು ಆಗುತ್ತಿರಲಿಲ್ಲವಂತೆ. ಲಿಫ್ಟಿನಲ್ಲಿ ನಿಂತರೆ ಮೈಯೆಲ್ಲ ಬೆವರು, ಸತ್ತೇ ಹೋಗುತ್ತೇನೆ ಎಂಬ ಅಂಜಿಕೆ. ಒಂದು ತಿಂಗಳು ಡಬ್ಬಿ ಹಿಡಿದು ಮನೆಯಿಂದ ಹೊರಟು, ಪಾರ್ಕಿನಲ್ಲಿ ಕೂತು, ಸಂಜೆ ವಾಪಸು ಬಂದಿದ್ದಾನೆ. ಹೆಂಡತಿಗೂ ಹೇಳಿಲ್ಲ. ಕೊನೆಗೆ ಮಾಮಾನ ಕ್ಲಿನಿಕ್ಕಿಗೆ ಹೋಗಿ ಬಾಗಿಲಲ್ಲಿ ನಿಂತ. "ಹಿತ್ತಲ ಗಿಡ ಮದ್ದಲ್ಲೋ. ಮನಿಯವರನ್ನ ನಾ ನೋಡಂಗಿಲ್ಲ" ಎಂದು ಇವರು ಕೈ ಹಿಡಿದು ಪಕ್ಕದ ಕೋಣೆಯ ಹಿರಿಯ ಮೇಡಂ ಬಳಿ ಬಿಟ್ಟು ಬಂದರಂತೆ. ಅವತ್ತಿನಿಂದ ವಾರವಾರವೂ ಅವನು ಅಲ್ಲಿಗೆ ಹೋಗುತ್ತಿದ್ದ. ಎದುರಾದರೆ ಇವರು ತಮ್ಮ ನೇಮದಂತೆ ಗೋಡೆ ನೋಡಿ ದಾಟುತ್ತಿದ್ದರು.

"ಗೃಹಪ್ರವೇಶದ ಹಿಂದಿನ ದಿನಾ ಮಾಮಾಗ ಕೈ ಮುಗದೆ ಅಕ್ಕಾ. ನಾಳೆ ನನ್ನ ಮಾರಿ ನೋಡಬ್ಯಾಡ್ರಿ, ಮಾತಾಡಸಬ್ಯಾಡ್ರಿ, ನೀವು ನೋಡಿದ್ರ ನಾ ಎಲ್ಲಾರ ಮುಂದ ಕೂಸಿನಂಗ ಅಳತೀನಿ ಅಂದೆ. ಆತು, ನೋಡಂಗಿಲ್ಲ ಅಂದ್ರು."

ಒಪ್ಪಂದ ಮಾಡಿಕೊಂಡ ಇಬ್ಬರು ಬುದ್ಧಿವಂತರಿಗೂ ಆಯೇರಿ ಎಂಬುದೊಂದು ಇದೆಯೆಂದು ನೆನಪೇ ಇರಲಿಲ್ಲ! ಗಂಡಸರ ಹಣೆಬರಹವೇ ಇಷ್ಟು. ತಾಟು ಹಿಡಿದು ಬರುವಾಗ ತಮ್ಮನ ಗದ್ದ ನಡುಗತೊಡಗಿತ್ತಂತೆ. ಇನ್ನೆರಡು ಹೆಜ್ಜೆ ಇಟ್ಟು ಕಾಲಿಗೆ ಬಗ್ಗಿದ್ದರೆ ಅಲ್ಲೇ ಅವರ ತೊಡೆಯ ಮೇಲೆ ಬಿದ್ದು ಅತ್ತುಬಿಡುತ್ತಿದ್ದನಂತೆ, ಅತ್ತೆ ಮಾವ, ಮ್ಯಾನೇಜರು, ಇಡೀ ಬಸ್ಸಿನ ಎದುರು. ಅವರು ಅದನ್ನು ಕಂಡು ಎದ್ದರು. ಅವನ ಅಳು ನಿಂತಿತು, ನನ್ನದು ಶುರುವಾಯಿತು.

"ಅರಾಮಾದ ಮ್ಯಾಲರ ಯಾಕ ಹೇಳಲಿಲ್ಲೋ?" ಎಂದು ಕೇಳಿದೆ.

"ಹೇಳತೀನಿ ಅಂತ ಮಾಮಾಗ ಅಂದೆ. ನಿನಗ ಹೇಳಬೇಕನಸಿದ್ರ ಹೇಳು, ನನ್ನ ಸಲವಾಗಿ ಹೇಳಬ್ಯಾಡ ಅಂದ್ರು. ನನಗ ಅಂಜಿಕಿ ಬಂತು. ಇವತ್ತು ನಾಳೆ ಅಂದ್ಕೋತ ಇಷ್ಟ ವರ್ಷ ಹೋತು."

ನನಗೆ ಮೊದಲು ನೆನಪಾದದ್ದು ಅನ್ನ. ಹದಿನೇಳು ದಿನದ ಅನ್ನ. ಬಸ್ ಸ್ಟ್ಯಾಂಡಿನಲ್ಲಿ ಡಬ್ಬಿ ತೆರೆದು ನೋಡಿ ಮುಚ್ಚಿದ ಮನುಷ್ಯ. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ನಾನು ಹೆಂಚಿನ ಮುಂದಿನಿಂದ ಏಳದೆ ರೊಟ್ಟಿ ಬಡಿಯುತ್ತಿದ್ದೆನಲ್ಲ. ಆದರೆ ನನಗೆ ಹೇಳುವುದು ಎಂದರೇನು ಎಂದು ಅವರಿಗೂ ಗೊತ್ತಿತ್ತು. ನಾನು ಅವ್ವನ ಮಗಳು. ನಮ್ಮಿಬ್ಬರ ಹೊಟ್ಟೆಯಲ್ಲೂ ಮಾತು ಅರ್ಧ ದಿನ ನಿಂತರೆ ಅಜೀರ್ಣ. ನನಗೆ ತಿಳಿದದ್ದು ಅವ್ವನಿಗೆ, ಅವ್ವನಿಗೆ ತಿಳಿದದ್ದು ರಾಯಚೂರಿಗೆ. ಅಳುತ್ತಾ ಕೂತೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು, ಈ ಸಲ ತಮ್ಮನ ಮೇಲೆ.

"ಒಂಬತ್ತ ವರ್ಷ ಅವರಿಗೆ ಸೊಕ್ಕಿನವರು ಅಂತ ಅನಿಸಿದೆಲ್ಲೋ. ಅನಿಸಿಕೊಂಡ ಸತ್ರು. ಎಲ್ಲಾರ ಮುಂದ ಅವರ ಮರ್ಯಾದಿ ಹೋಗೇತಿ, ಎಲ್ಲಾರ ಮುಂದ ನೀನ ತಿರುಗಿ ಕೊಡಬೇಕು."

ತಮ್ಮ ತಲೆಯಾಡಿಸಿದ. ಅವನು ಏಳನೇ ಮಹಡಿಯದನ್ನು ಮಾರಿ ಇನ್ನೂ ದೊಡ್ಡ ಫ್ಲ್ಯಾಟು ಕೊಂಡಿದ್ದ. ಬರುವ ತಿಂಗಳು ಅದರ ಗೃಹಪ್ರವೇಶ. "ಅಲ್ಲೇ ಹೇಳತೀನಿ" ಅಂದ. ನಾನು ಆ ತಿಂಗಳನ್ನು ದಿನ ಎಣಿಸಿ ಕಳೆದೆ. ನನ್ನ ಗಂಡನ ಹೆಸರಿನ ಮೇಲಿನ ಮಸಿ ಎಲ್ಲರೆದುರು ತೊಳೆಯುತ್ತದೆ, ಅವ್ವನ 'ಆದ್ರ' ನಿಲ್ಲುತ್ತದೆ, ಅದೊಂದೇ ನನಗೆ ಬೇಕಿದ್ದದ್ದು.

ಮತ್ತೆ ಅದೇ ಜನ. ಈ ಸಲ ಎರಡು ಬಸ್ಸು. ಪೂಜೆಯಾದ ಮೇಲೆ ತಮ್ಮ ತಾನೇ ಎರಡು ಮಣೆ ತಂದು ಹಾಕಿದ. ನನ್ನನ್ನು ಕರೆದ.

ಅವ್ವ ಕುರ್ಚಿಯಲ್ಲಿ ಮಿಸುಕಾಡಿದಳು. "ಏ, ಏನ್ ಮಾಡಾಕತ್ತೀಯೋ? ಅಕಿನ್ನ ಈಗ ಹೆಂಗ ಮಣಿ ಮ್ಯಾಲ ಕೂಡಸ್ತಿ? ಅದೂ ಎರಡ ಮಣಿ?"

"ಕೂಡಸ್ತೀನವ್ವಾ. ಯಾಕಂತ ಹೇಳತೀನಿ, ಎಲ್ಲಾರೂ ಕೇಳ್ರಿ" ಅಂದ ತಮ್ಮ.

ನಾನು ಕೂತೆ. ಪಕ್ಕದ ಮಣೆ ಖಾಲಿ. ತಮ್ಮ ತಾಟು ಹಿಡಿದು ಎರಡು ಹೆಜ್ಜೆ ದೂರದಲ್ಲಿ ನಿಂತ. ಈ ಸಲ ನಾನು ಸೀರೆ ನೋಡಲಿಲ್ಲ. ತಾಟಿನಲ್ಲಿ ಕೆಂಪಂಚಿನ ಧೋತರವಿತ್ತು, ಅದೇ ಧೋತರ, ಮಡಿಕೆ ಬಿಚ್ಚಿಲ್ಲ, ಮಡಿಕೆಯ ಗೆರೆಗುಂಟ ಹಳದಿಯಾಗಿದೆ. ಜನ ನಮ್ಮ ಕಡೆ ತಿರುಗಿದರು. ಅವನ ಆಫೀಸಿನವರು ಒಂದು ಸಾಲು, ಅತ್ತೆ ಮಾವ ಮುಂದೆ, ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ. ಹತ್ತು ವರ್ಷದ ಮಗಳು ಅಪ್ಪ ಮಾತಾಡುತ್ತಾನೆಂದು ಮೊಬೈಲು ಎತ್ತಿ ಹಿಡಿದಿದ್ದಳು.

"ಅವತ್ತ ಹಳೇ ಮನ್ಯಾಗ ನಮ್ಮ ಮಾಮಾ..." ಎಂದ ತಮ್ಮ. "ನಮ್ಮ ಮಾಮಾ ಅವತ್ತ ಎದ್ದು ಹೋಗಿದ್ದು... ನನಗ ಆ ಟೈಮಿನ್ಯಾಗ..."

ಅವನ ಗದ್ದ ನಡುಗಿತು.

ಒಂಬತ್ತು ವರ್ಷದ ಹಿಂದೆ ನನ್ನ ಪಕ್ಕದಲ್ಲಿ ಕೂತು ಅವರು ಕಂಡದ್ದು ಇದನ್ನೇ. ನಾನು ಹಸಿರು ಇಳಕಲ್ ನೋಡುತ್ತಿದ್ದೆ, ಅವರು ಈ ಗದ್ದ ನೋಡಿದ್ದರು. ಇದು ಜನರ ಮುಂದೆ ಒಡೆಯಬಾರದು ಎಂದು ಮಣೆ ಬಿಟ್ಟರು, ಮರ್ಯಾದೆ ಬಿಟ್ಟರು, ರೊಟ್ಟಿ ಬಿಟ್ಟರು. ಅವರು ಅಷ್ಟೆಲ್ಲ ಬಿಟ್ಟು ಮುಚ್ಚಿಟ್ಟದ್ದನ್ನು ನಾನು ಅವರ ಹೆಸರಿನಲ್ಲೇ ಇಲ್ಲಿ ಬಿಚ್ಚಿಸುತ್ತಿದ್ದೆ. ಎದ್ದು ಹೋಗೋಣವೆಂದರೆ ಎರಡನೇ ಸಲ ಅದೇ ಆಟ ನಡೆಯುವುದಿಲ್ಲ. ನನ್ನ ಬಳಿ ಇದ್ದದ್ದು ಬಾಯಿ ಒಂದೇ.

"ಏನಂತೋ? ಏನ್ ಹೇಳಾಕತ್ತೀ, ಕೇಳಸ್ವಲ್ದು" ಎಂದು ಅವ್ವ ಕಿವಿಗೆ ಕೈ ಹಚ್ಚಿದಳು.

"ಏನಿಲ್ಲ ಬಿಡವ್ವಾ" ಎಂದೆ ನಾನು, ಕೊನೆಯ ಸಾಲಿನವರಿಗೂ ಕೇಳುವ ಹಾಗೆ. "ನಮ್ಮನಿಯವರಿಗೆ ಸೊಕ್ಕ ಭಾಳ ಇತ್ತಲ್ಲ, ಅದನ್ನ ನೆನಸಾಕತ್ತಾನ. ಲಗೂನ ಆಯೇರಿ ಮಾಡೋ ತಮ್ಮಾ, ಮಂದಿಗೆ ಊಟಕ್ಕ ಹೊತ್ತಾತು."

ಎಲ್ಲರೂ ನಕ್ಕರು. ಅವ್ವನೂ ನಕ್ಕು ಎಲೆ ಅಡಿಕೆಯ ಚೀಲ ಬಿಚ್ಚಿದಳು. ತಮ್ಮ ನಗಲಿಲ್ಲ. ಬಗ್ಗಿ ಖಾಲಿ ಮಣೆಯ ಮೇಲೆ ಧೋತರ ಇಟ್ಟ, ಮಣೆಗೆ ಹಣೆ ಹಚ್ಚಿದ, ತಲೆ ಎತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಅವನ ಮುಖ ಯಾರಿಗೂ ಕಾಣದಂತೆ ನಾನು ಸೆರಗು ಅಗಲ ಮಾಡಿ ಕೂತೆ.